ಅಪ್‌ಗ್ರೇಡ್ ಮಾಡಿ ಅನ್ನುವಾಗ ಆಡ್-ಆನ್ ಬಗ್ಗೆಯೂ ಒಂದು ಮಾತು ಹೇಳಿ

ಮಾನ್ಯರೇ,

ಕಂಪ್ಯೂಟರ್ ನಡೆಸುವ ಉಬುಂಟು ಆಪರೇಟಿಂಗ್ ಸಿಸ್ಟಮ್‌ನ 22.04 ಆವೃತ್ತಿ ಬಳಸುವವರು 24.04ಕ್ಕೆ ಹೋಗುವುದು ಒಳ್ಳೆಯದು ಎಂದು ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬರೆದಿದ್ದಿರಿ. ಸಲಹೆ ಸರಿಯಾಗಿಯೇ ಇದೆ. 22.04ರ ಸಾಮಾನ್ಯ ಬೆಂಬಲ 2027ಕ್ಕೆ ಮುಗಿಯುತ್ತದೆ, ಇವತ್ತಲ್ಲ ನಾಳೆ ಬಿಡಲೇಬೇಕು. ಆದರೆ ಅಪ್‌ಗ್ರೇಡ್ ಆದ ಮಾರನೇ ದಿನ ಜನ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅನ್ನುವ ಬಗ್ಗೆ ಅಲ್ಲಿ ಒಂದು ಸಾಲೂ ಇರಲಿಲ್ಲ. ಫೈಲ್ ಮ್ಯಾನೇಜರ್‌ಗೆ, ಅಂದರೆ ಫೋಲ್ಡರ್ ತೆರೆದು ನೋಡುವ ಪ್ರೋಗ್ರಾಮ್‌ಗೆ, ಸೇರಿಸಿಕೊಂಡಿದ್ದ ಆಡ್-ಆನ್‌ಗಳು (ಹೆಚ್ಚಿನ ಕೆಲಸ ಮಾಡಿಕೊಡುವ ಪುಟ್ಟ ಜೋಡಣೆಗಳು) ಸದ್ದಿಲ್ಲದೆ ಮಾಯವಾಗುತ್ತವೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ರೈಟ್ ಕ್ಲಿಕ್ ಮಾಡಿದರೆ ಮೆನುವಿನಲ್ಲಿ ಆ ಸಾಲೇ ಇರುವುದಿಲ್ಲ, ಅಷ್ಟೆ.

ನಾನು ಸಾಗರದ ಒಂದು ಸಣ್ಣ ಮುದ್ರಣಾಲಯದಲ್ಲಿ ಟೈಪಿಂಗ್ ಮತ್ತು ಪುಟ ವಿನ್ಯಾಸದ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ಫೈಲ್‌ಗಳು ರಾಶಿ ಇವೆ. ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಸಂಘದ ವರದಿ, ಹೀಗೆ. ಅವನ್ನು ಹಾಗೇ ತೆರೆದರೆ ಕನ್ನಡ ಕಾಣುವುದಿಲ್ಲ, ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪರಿಚಯದ ಹುಡುಗನೊಬ್ಬ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಆಡ್-ಆನ್ ಬರೆದುಕೊಟ್ಟಿದ್ದ. ಫೈಲ್ ಮೇಲೆ ರೈಟ್ ಕ್ಲಿಕ್, ‘ಯುನಿಕೋಡ್‌ಗೆ ಬದಲಿಸು’, ಪಕ್ಕದಲ್ಲೇ ಹೊಸ ಫೈಲ್ ತಯಾರು. ನಮ್ಮ ದಿನದ ಅರ್ಧ ಕೆಲಸ ಅದರ ಮೇಲೇ ನಿಂತಿತ್ತು. 24.04 ಬಂತು, ಆ ಸಾಲು ಹೋಯಿತು. ಇಲ್ಲಿನ ರಿಪೇರಿ ಅಂಗಡಿಯಲ್ಲಿ ಕೇಳಿದರೆ ‘ಫಾರ್ಮ್ಯಾಟ್ ಹೊಡೆದು ಹಳೇದೇ ಹಾಕೋಣ ಬಿಡಿ’ ಅಂದರು. ಇದೇ ಮಾತು ಕೇಳಿ ಎಷ್ಟೋ ಜನ ಸುಮ್ನೆ ಫಾರ್ಮ್ಯಾಟ್ ಮಾಡಿಸಿ ದುಡ್ಡು ಕೊಟ್ಟು ಬರುತ್ತಾರೆ, ಅಲ್ವಾ? ಬೇಕಾಗಿಯೇ ಇಲ್ಲ. ಅದಕ್ಕೇ ಈ ಪತ್ರ.

ಆಗಿರುವುದು ಇಷ್ಟು. ಉಬುಂಟುವಿನ ಫೈಲ್ ಮ್ಯಾನೇಜರ್ ನಾಟಿಲಸ್. 2022ರ ಸೆಪ್ಟೆಂಬರ್‌ನಲ್ಲಿ ಬಂದ ಅದರ 43ನೇ ಆವೃತ್ತಿ ಜಿಟಿಕೆ 3 ಬಿಟ್ಟು ಜಿಟಿಕೆ 4ಕ್ಕೆ ಹೋಯಿತು. ಜಿಟಿಕೆ ಅಂದರೆ ಪರದೆ ಮೇಲಿನ ಕಿಟಕಿ, ಬಟನ್, ಮೆನು ಎಲ್ಲ ಮೂಡಿಸುವ ಲೈಬ್ರರಿ. 22.04ರಲ್ಲಿದ್ದದ್ದು ನಾಟಿಲಸ್ 42, 24.04ರಲ್ಲಿ ಇರುವುದು 46. ಹಾಗಾಗಿ ಒಂದು ಎಲ್‌ಟಿಎಸ್‌ನಿಂದ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ) ಇನ್ನೊಂದಕ್ಕೆ ಹೋಗುವವರಿಗೆ ನಡುವಿನ ಬದಲಾವಣೆಯೆಲ್ಲ ಒಟ್ಟಿಗೇ ಮೈಮೇಲೆ ಬೀಳುತ್ತದೆ. ಆಡ್-ಆನ್ ಓಡುವುದು ನಾಟಿಲಸ್‌ನ ಒಳಗೇ. ಒಂದೇ ಪ್ರೋಗ್ರಾಮ್‌ನಲ್ಲಿ ಜಿಟಿಕೆ 3 ಮತ್ತು 4 ಒಟ್ಟಿಗೆ ಇರಲಾರವು. ಹಳೆಯದನ್ನೇ ಕೇಳುವ ಆಡ್-ಆನ್ ಬಾಗಿಲಲ್ಲೇ ನಿಂತುಬಿಡುತ್ತದೆ.

ಸರಿಪಡಿಸುವುದು ಕಷ್ಟವಲ್ಲ. ಮೊದಲು ಪೈಥಾನ್3-ನಾಟಿಲಸ್ ಎಂಬ ಪ್ಯಾಕೇಜ್ ಇದೆಯೇ ನೋಡಿ, ಇಲ್ಲದಿದ್ದರೆ ಹಾಕಿಕೊಳ್ಳಿ. ಅದಿಲ್ಲದೆ ಪೈಥಾನ್‌ನಲ್ಲಿ ಬರೆದ ಯಾವ ಆಡ್-ಆನ್ ಕೂಡ ಓಡುವುದಿಲ್ಲ. ಆಮೇಲೆ ಹೋಮ್ ಫೋಲ್ಡರ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿದರೆ ಅಡಗಿರುವ ಫೋಲ್ಡರ್‌ಗಳು ಕಾಣುತ್ತವೆ. ಲೋಕಲ್ (ಹೆಸರಿನ ಮುಂದೆ ಒಂದು ಚುಕ್ಕಿ ಇರುತ್ತದೆ), ಅದರೊಳಗೆ ಶೇರ್, ಅದರೊಳಗೆ ನಾಟಿಲಸ್-ಪೈಥಾನ್, ಅದರೊಳಗೆ ಎಕ್ಸ್‌ಟೆನ್ಷನ್ಸ್. ನಿಮ್ಮ ಆಡ್-ಆನ್ ಅಲ್ಲೇ ಇರುತ್ತದೆ, ಎಲ್ಲೂ ಹೋಗಿರುವುದಿಲ್ಲ. ಅದರ ಒಂದು ನಕಲು ಬೇರೆ ಕಡೆ ಇಟ್ಟು, ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. ಮೇಲಿನ ಸಾಲುಗಳಲ್ಲಿ ನಾಟಿಲಸ್ 3.0, ಜಿಟಿಕೆ 3.0 ಎಂದು ಬರೆದಿದ್ದರೆ ಎರಡನ್ನೂ 4.0 ಮಾಡಿ.

ಇನ್ನೊಂದು ತಿದ್ದುಪಡಿ ಮುಖ್ಯವಾದದ್ದು, ಹೆಚ್ಚಿನವರಿಗೆ ಗೊತ್ತಾಗದೆ ಉಳಿಯುವುದೂ ಇದೇ. ಮೆನುವಿನ ಸಾಲು ತಯಾರಿಸುವ ‘ಗೆಟ್ ಫೈಲ್ ಐಟಮ್ಸ್’ ಎಂಬ ಫಂಕ್ಷನ್‌ಗೆ ಮೊದಲು ನಾಟಿಲಸ್ ಎರಡು ವಿಷಯ ಕೊಡುತ್ತಿತ್ತು, ಕಿಟಕಿ ಮತ್ತು ಆಯ್ದ ಫೈಲ್‌ಗಳ ಪಟ್ಟಿ. ಈಗ ಪಟ್ಟಿ ಮಾತ್ರ ಕೊಡುತ್ತದೆ. ಆದ್ದರಿಂದ ಆವರಣದೊಳಗಿನ ‘ವಿಂಡೋ’ ಎಂಬ ಪದವನ್ನು ಅದರ ಅಲ್ಪವಿರಾಮದ ಸಮೇತ ಅಳಿಸಬೇಕು. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿದಾಗ ಬರುವ ಮೆನುವಿಗೆ ‘ಗೆಟ್ ಬ್ಯಾಕ್‌ಗ್ರೌಂಡ್ ಐಟಮ್ಸ್’ ಇದೆ, ಅಲ್ಲೂ ಹಾಗೇ. ನಮ್ಮ ಆಡ್-ಆನ್ ಎದ್ದು ಕೂತಿದ್ದು ಈ ಒಂದು ಪದ ತೆಗೆದ ಮೇಲೆ.

ಉಳಿಸಿ, ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ನಾಟಿಲಸ್ ಎಂದು ಬರೆದು ಒಂದು ಜಾಗ ಬಿಟ್ಟು ಮೈನಸ್ ಕ್ಯೂ ಕೊಡಿ (nautilus -q). ಹಿಂದೆ ಓಡುತ್ತಲೇ ಇರುವ ನಾಟಿಲಸ್ ಪೂರ್ತಿ ನಿಲ್ಲುತ್ತದೆ. ಕಿಟಕಿ ಮುಚ್ಚಿದರೆ ಸಾಲದು. ಮತ್ತೆ ಅದೇ ಟರ್ಮಿನಲ್‌ನಿಂದಲೇ ತೆರೆದರೆ ಇನ್ನೇನಾದರೂ ತಪ್ಪಿದ್ದಲ್ಲಿ ಎಷ್ಟನೇ ಸಾಲಿನಲ್ಲಿ ಅಂತ ಅಲ್ಲೇ ಬರೆದು ತೋರಿಸುತ್ತದೆ.

ಆಡ್-ಆನ್ ತನ್ನದೇ ಸಣ್ಣ ಕಿಟಕಿ ತೆರೆಯುವಂಥದ್ದಾದರೆ ಕೆಲಸ ಸ್ವಲ್ಪ ಜಾಸ್ತಿ, ಆ ಭಾಗವನ್ನು ಹೊಸದಾಗಿ ಬರೆಯಬೇಕು ಅಥವಾ ಬೇರೆ ಪ್ರೋಗ್ರಾಮ್ ಆಗಿ ಹೊರಗೆ ಓಡಿಸಬೇಕು. ಪೈಥಾನ್‌ಗೆ ಲೈಬ್ರರಿ ತಂದುಕೊಡುವ ಪಿಪ್ ಎಂಬ ಸಲಕರಣೆಯ ಮೂಲಕ ಹಾಕಿಕೊಂಡ ಲೈಬ್ರರಿಗಳದ್ದು ಇನ್ನೊಂದು ತೊಡಕು. 22.04ರ ಪೈಥಾನ್ 3.10, 24.04ರದ್ದು 3.12. ಹಳೆಯ ಲೈಬ್ರರಿಗಳು 3.10ರ ಫೋಲ್ಡರ್‌ನಲ್ಲೇ ಉಳಿಯುತ್ತವೆ, ಹೊಸ ಪೈಥಾನ್ ಅತ್ತ ನೋಡುವುದೇ ಇಲ್ಲ. ಮತ್ತೆ ಪಿಪ್‌ನಿಂದ ಹಾಕಲು ಹೋದರೆ ಸಿಸ್ಟಮ್ ಬಿಡುವುದಿಲ್ಲ. ಅದೇ ಲೈಬ್ರರಿ ಉಬುಂಟುವಿನ ಪ್ಯಾಕೇಜ್ ಆಗಿ ಸಿಗುತ್ತದೆಯೇ ಅಂತ ಮೊದಲು ಹುಡುಕಿ. ಹೊರಗಿನ ಪಿಪಿಎಗಳನ್ನೂ (ಬೇರೆಯವರು ನಡೆಸುವ ಪ್ಯಾಕೇಜ್ ಭಂಡಾರಗಳು) ಅಪ್‌ಗ್ರೇಡ್ ಸ್ಥಗಿತ ಮಾಡಿರುತ್ತದೆ, ಅಲ್ಲಿಂದ ಬಂದ ಆಡ್-ಆನ್ ಇದ್ದರೆ ಅದನ್ನೂ ನೋಡಿಕೊಳ್ಳಿ.

ಆಯ್ದ ಫೈಲ್ ತೆಗೆದುಕೊಂಡು ಒಂದು ಕೆಲಸ ಮಾಡಿ ಮುಗಿಸುವ ಸಲಕರಣೆಗೆ ಆಡ್-ಆನೇ ಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಮೇಲೆ ಹೇಳಿದ ಅದೇ ಶೇರ್ ಫೋಲ್ಡರ್‌ನೊಳಗೆ ನಾಟಿಲಸ್, ಅದರೊಳಗೆ ಸ್ಕ್ರಿಪ್ಟ್ಸ್ ಎಂಬ ಜಾಗವಿದೆ. ಓಡಿಸಲು ಅನುಮತಿ ಕೊಟ್ಟ ಯಾವುದೇ ಸ್ಕ್ರಿಪ್ಟ್ ಅಲ್ಲಿ ಹಾಕಿದರೆ ರೈಟ್ ಕ್ಲಿಕ್ ಮೆನುವಿನ ‘ಸ್ಕ್ರಿಪ್ಟ್ಸ್’ ಅಡಿಯಲ್ಲಿ ಬರುತ್ತದೆ. ಅದು ನಾಟಿಲಸ್‌ನ ಹೊರಗೆ ಓಡುವುದರಿಂದ ಜಿಟಿಕೆ ಬದಲಾದ ಬಿಸಿ ಅದಕ್ಕೆ ತಟ್ಟುವುದಿಲ್ಲ. ಒಂದು ಕ್ಲಿಕ್ ಹೆಚ್ಚು, ಆದರೆ ಬಾಳಿಕೆ ಬರುತ್ತದೆ.

ಈ ವಿವರಗಳೆಲ್ಲ ಇಂಗ್ಲಿಷ್‌ನಲ್ಲಿ ಹುಡುಕಿದರೆ ಸಿಗುತ್ತವೆ, ಸಿಗುವುದಿಲ್ಲ ಅಂತಲ್ಲ. ಆದರೆ ಊರಿನ ಪ್ರೆಸ್‌ಗಳಲ್ಲಿ, ಶಾಲೆಯ ಲ್ಯಾಬ್‌ಗಳಲ್ಲಿ ದಿನವಿಡೀ ಕನ್ನಡದಲ್ಲೇ ಕೆಲಸ ಮಾಡುವವರು ಓದುವುದು ನಿಮ್ಮ ಪುಟವನ್ನು. ಮುಂದಿನ ಸಲ ಅಪ್‌ಗ್ರೇಡ್ ಬಗ್ಗೆ ಬರೆಯುವಾಗ ಹೊಸ ಸೌಲಭ್ಯಗಳ ಪಟ್ಟಿ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಏನೇನು ಕೈಕೊಡಬಹುದು, ಮೊದಲೇ ಯಾವ ಫೋಲ್ಡರ್‌ನ ನಕಲು ಇಟ್ಟುಕೊಳ್ಳಬೇಕು, ಪೆನ್‌ಡ್ರೈವ್‌ನಿಂದ ಹೊಸ ಉಬುಂಟು ಓಡಿಸಿ ಮೊದಲು ಪರೀಕ್ಷಿಸುವುದು ಹೇಗೆ ಅನ್ನುವುದನ್ನು ಒಂದು ಚೌಕದಲ್ಲಿ ಹಾಕಿ. ನಾವು ತಿದ್ದಿದ ಯುನಿಕೋಡ್ ಆಡ್-ಆನ್ ಬೇಕಾದವರಿಗೆ ಕೊಡಲು ತಯಾರಿದ್ದೇನೆ. ನನ್ನ ವಿಳಾಸವನ್ನು ಪತ್ರದ ಜೊತೆ ಪ್ರತ್ಯೇಕವಾಗಿ ಕಳಿಸಿದ್ದೇನೆ, ಕೇಳಿದವರಿಗೆ ದಯವಿಟ್ಟು ತಲುಪಿಸಿ.

— ಮುದ್ರಣಾಲಯದ ಓದುಗ, ಸಾಗರ