ಬಾಡಿಗೆ ಕರಾರಿನಲ್ಲಿ ಕೋವಿಯೂ ಬರಲಿ

ಸಂಪಾದಕರಿಗೆ ನಮಸ್ಕಾರ.

ಬಾಡಿಗೆ ಮನೆ ಹುಡುಕುವವರ ಪಾಡಿನ ಬಗ್ಗೆ ಓದುಗರೊಬ್ಬರು ಕಳೆದ ವಾರ ನಿಮ್ಮ ಪತ್ರಿಕೆಗೆ ಬರೆದಿದ್ದರು. ಮದುವೆಯಾಗದವರಿಗೆ ಕೊಡುವುದಿಲ್ಲ, ಮಾಂಸ ತಿನ್ನುವವರಿಗೆ ಕೊಡುವುದಿಲ್ಲ, ನಾಯಿ ಸಾಕಿದವರಿಗೆ ಕೊಡುವುದಿಲ್ಲ ಅಂತ. ಆ ಪಟ್ಟಿಗೆ ನನ್ನನ್ನೂ ಸೇರಿಸಿಕೊಳ್ಳಿ. ನನ್ನ ಹತ್ತಿರ ಕೋವಿ ಇದೆ.

ಗಾಬರಿ ಬೇಡ. ನಾನು 52 ವರ್ಷದ ಬ್ಯಾಂಕ್ ಅಧಿಕಾರಿ. ಊರು ವಿರಾಜಪೇಟೆ ಕಡೆಯ ಒಂದು ಹಳ್ಳಿ. ಐದು ಎಕರೆ ಕಾಫಿ, ಹಂಚಿನ ಮನೆ. ಯಜಮಾನರು ತೀರಿಕೊಂಡು ನಾಲ್ಕು ವರ್ಷ ಆಯಿತು. ಅವರ ಹೆಸರಿನಲ್ಲಿದ್ದ ಜೋಡು ನಳಿಗೆ ಕೋವಿಯನ್ನು ಕಾಗದಪತ್ರ ಮಾಡಿಸಿ ನನ್ನ ಹೆಸರಿಗೆ ಮಾಡಿಕೊಂಡೆ. ಈ ವರ್ಷ ಬಡ್ತಿ ಬಂತು, ಜೊತೆಗೆ ಧಾರವಾಡಕ್ಕೆ ವರ್ಗವೂ ಬಂತು. ಹೊರಟವರು ಮೂರು ಜನ. ನಾನು, 78 ವರ್ಷದ ನನ್ನ ಅತ್ತೆ, ಒಂಬತ್ತನೇ ಕ್ಲಾಸಿನ ಮಗ. ಊರಿನ ಮನೆಗೆ ಬೀಗ.

ಬೀಗ ಹಾಕಿದ ಮನೆಯಲ್ಲಿ ಕೋವಿ ಬಿಡುವುದು ಹೇಗೆ? ಸುತ್ತ ಕಾಲು ಮೈಲಿ ದೂರದಲ್ಲಿ ಇನ್ನೊಂದು ಮನೆಯಿಲ್ಲ. ಮೈದುನನಿಗೆ ಕೊಡೋಣ ಅಂದರೆ ಅವನು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದಾನೆ. ಪಕ್ಕದ ತೋಟದವರ ಮನೆಯಲ್ಲಿ ಇಡಬಹುದಿತ್ತು, ಆದರೆ ಕಾಗದ ನನ್ನ ಹೆಸರಿನಲ್ಲಿದೆ. ನಾಳೆ ಹೆಚ್ಚುಕಮ್ಮಿ ಆದರೆ ಅವರೂ ಸಿಕ್ಕಿಬೀಳುತ್ತಾರೆ. ಬ್ಯಾಂಕಿನವಳಾಗಿ ಒಂದು ತಮಾಷೆ ಹೇಳಬೇಕು. ಊರಿನ ಅತಿ ಭದ್ರವಾದ ಕೋಣೆಯ ಬೀಗದ ಕೈ ದಿನಾ ನನ್ನ ಕೈಯಲ್ಲೇ ಇರುತ್ತದೆ. ಆದರೆ ಲಾಕರ್‌ನಲ್ಲಿ ಆಯುಧ ಇಡುವ ಹಾಗಿಲ್ಲ. ಗ್ರಾಹಕರಿಂದ ಆ ಕರಾರಿಗೆ ಸಹಿ ಹಾಕಿಸುವವಳೇ ನಾನು.

ಠಾಣೆಯಲ್ಲಿ ಠೇವಣಿ ಇಡಬಹುದಲ್ಲ ಅಂತ ಕೇಳುವವರಿದ್ದಾರೆ. ಹಿಂದೊಮ್ಮೆ ಒಂದು ಠಾಣೆಯಲ್ಲಿ ಎರಡು ತಿಂಗಳು ಇಟ್ಟಿದ್ದೆವು. ವಾಪಸ್ ಬಂದಾಗ ನಳಿಗೆ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಲದ್ದು ಕನ್ನಡಿ ಹಾಗೆ ಹೊಳೆಯುತ್ತಿತ್ತು. ಎಡದ್ದರ ಒಳಗೆ ಬೆರಳು ಹೋಗದಷ್ಟು ದೂರದಲ್ಲಿ ಅರಿಸಿನ ಉದುರಿದ ಹಾಗೆ ತುಕ್ಕು. ಸರಳಿಗೆ ಬಟ್ಟೆ ಸುತ್ತಿ, ಎಣ್ಣೆ ಹಾಕಿ ಮೂರು ದಿನ ಉಜ್ಜಿದರೂ ಎರಡು ಚುಕ್ಕೆ ಉಳಿದೇಬಿಟ್ಟವು. ಕೊಡಗಿನ ಮಳೆಗಾಲದಲ್ಲಿ ಕೋವಿಯನ್ನು ವಾರಕ್ಕೊಮ್ಮೆ ಒರೆಸದಿದ್ದರೆ ಅಷ್ಟೇ. ಠಾಣೆಯವರಿಗೆ ಅದಕ್ಕೆಲ್ಲ ಪುರುಸೊತ್ತು ಎಲ್ಲಿಂದ ಬರಬೇಕು ಹೇಳಿ. ಅವರನ್ನು ದೂರುತ್ತಿಲ್ಲ. ಆದರೆ ನನ್ನ ಮಗ ಹುಟ್ಟಿದಾಗ ಅವನ ತಾತ ಗುಂಡು ಹಾರಿಸಿದ್ದು ಇದೇ ಕೋವಿಯಿಂದ. ಯಜಮಾನರು ಹೋದ ದಿನ ಸಾವಿನ ಸುದ್ದಿ ತಿಳಿಸಲು ಜೋಡಿ ಗುಂಡು ಹಾರಿಸಿದ್ದೂ ಇದರಿಂದಲೇ. ನಮ್ಮ ಅತ್ತೆ ಒಂದೇ ಮಾತು ಹೇಳಿದರು: ‘ಅದು ನಾವಿರುವ ಮನೆಯಲ್ಲೇ ಇರಲಿ.’

ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಕೊಡವರಿಗೂ, ಕೊಡಗಿನಲ್ಲಿ ತಲೆತಲಾಂತರದಿಂದ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಶುರುವಾದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷ ಮುಂದುವರಿಸಿತು. ಕೋರ್ಟಿಗೆ ಹೋದವರೂ ಇದ್ದರು. 2021ರಲ್ಲಿ ನಮ್ಮ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ವಿನಾಯಿತಿ ಇರಬೇಕೇ ಬೇಡವೇ ಅನ್ನುವ ಜಗಳಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಮಾತು ಮಾತ್ರ ಹೇಳುತ್ತೇನೆ. ಕೊಡಗಿನಿಂದ ಹೊರಗೆ ವಾಸ ಮಾಡುವವರು ಏನೇನು ಇಟ್ಟುಕೊಳ್ಳಬಹುದು ಅಂತ 1963ರ ಅಧಿಸೂಚನೆಯಲ್ಲೇ ಇದೆ. ಒಂದು ರೈಫಲ್, ಅದಕ್ಕೆ 100 ಗುಂಡು. ಒಂದು ಸಾದಾ ನಳಿಗೆಯ ಕೋವಿ, ಅದಕ್ಕೆ 500 ತೋಟಾ, ಅಂದರೆ ಕಾಡತೂಸು. ಅಂದರೆ ನಾವು ಕೆಲಸಕ್ಕೆ ಅಂತ ಊರು ಬಿಡುತ್ತೇವೆ, ಕೋವಿಯೂ ಜೊತೆಗೆ ಬರುತ್ತದೆ ಅನ್ನುವುದು ಸರ್ಕಾರಕ್ಕೆ ಆಗಲೇ ಗೊತ್ತಿತ್ತು. ಮನೆ ಮಾಲೀಕರಿಗೆ ಮಾತ್ರ ಇನ್ನೂ ಗೊತ್ತಿಲ್ಲ.

ಮೂರು ಭಾನುವಾರ, ಒಂಬತ್ತು ಮನೆ. ಬೇರೆಯವರು ನೀರು, ಪಾರ್ಕಿಂಗ್, ಶಾಲೆ ನೋಡುತ್ತಾರೆ. ನಾನು ಬಾಗಿಲಿನ ಚಿಲಕ, ಗೋಡೆಯ ದಪ್ಪ, ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದನ್ನು ನೋಡುತ್ತಿದ್ದೆ. ಸಪ್ತಾಪುರದಲ್ಲಿ ಒಂದು ಮನೆ ಬ್ಯಾಂಕಿಗೆ ಹತ್ತಿರ, ಬಾಡಿಗೆಯೂ ಕೈಗೆಟುಕುವಂಥದ್ದು. ಆದರೆ ಅಲ್ಲೆಲ್ಲ ಕೋಚಿಂಗ್ ಕ್ಲಾಸು, ಪಿಜಿ. ಒಂದೇ ಮೆಟ್ಟಿಲಿನಲ್ಲಿ ಹತ್ತಾರು ಹುಡುಗರು ಹತ್ತಿ ಇಳಿಯುತ್ತಾರೆ. ಅಲ್ಲಿ ನಾನೇ ಬೇಡ ಅಂದೆ. ಮಾಳಮಡ್ಡಿಯಲ್ಲಿ ಒಂದು ಹಳೇ ಮನೆ, ಮುಂದೆ ಮಾವಿನ ಮರ, ನೋಡಿದ ಕೂಡಲೇ ಮನಸ್ಸಿಗೆ ಬಂತು. ಮಾಡು ಮಾತ್ರ ಹಂಚಿನದು. ಎರಡು ಹಂಚು ತೆಗೆದರೆ ಯಾರು ಬೇಕಾದರೂ ಒಳಗೆ ಇಳಿಯಬಹುದು. ಅದನ್ನು ಬಿಟ್ಟದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹುಬ್ಬಳ್ಳಿಯಲ್ಲಿ ಮನೆ ಮಾಡಿ, ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಓಡಾಡೋಣ ಅಂತಲೂ ನೋಡಿದೆ. ಅಲ್ಲೊಂದು ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ‘ಮೀಟಿಂಗ್‌ನಲ್ಲಿ ಇಟ್ಟು ಹೇಳುತ್ತೇವೆ’ ಅಂದರು. ಇನ್ನೂ ಹೇಳಿಲ್ಲ.

ಉಳಿದ ಕಡೆ ಎಲ್ಲ ನಾನು ಹೇಳಿದ ಮೇಲೆ ಮನೆ ತಪ್ಪಿತು. ಹೇಳದೆ ಇದ್ದಿದ್ದರೆ ಸಿಗುತ್ತಿತ್ತು, ಅದೂ ಗೊತ್ತು. ನಮ್ಮ ಕಡೆ ‘ಕೋವಿ’ ಅಂದರೆ ಕತ್ತಿ, ಗುದ್ದಲಿ ಅಂದ ಹಾಗೆ. ಇಲ್ಲಿ ಅದು ‘ಬಂದೂಕು’. ಆ ಪದ ಕೇಳಿದ ಕೂಡಲೇ ಮುಖ ಬದಲಾಗುತ್ತದೆ. ‘ಅಕ್ಕಾರ, ಬಂದೂಕು ಯಾಕ ಬೇಕ್ರೀ ನಿಮಗ? ಬ್ಯಾಂಕಿನಾಗ ಗನ್‌ಮ್ಯಾನ್ ಇರ್ತಾನಲ್ರೀ’ ಅಂದರು ಒಬ್ಬರು. ನಗು ಬಂತು. ಇನ್ನೊಬ್ಬರ ಮುಂದೆ ಕೋವಿಯ ಜೊತೆಗೆ ನಾವು ಹಂದಿಮಾಂಸ ತಿನ್ನುವವರು ಅಂತಲೂ ಹೇಳಿಬಿಟ್ಟೆ. ಇವೆರಡನ್ನೂ ಒಂದೇ ದಿನ ಹೇಳಬಾರದು ಅನ್ನುವುದು ಆಮೇಲೆ ತಿಳಿಯಿತು.

ಆದರೆ ಒಬ್ಬ ಅಮ್ಮನ ಮಾತಿಗೆ ನಗು ಬರಲಿಲ್ಲ. ಚಹಾ ಕೊಟ್ಟು ಕೂರಿಸಿಯೇ ಮಾತಾಡಿದರು. ‘ನಿಮ್ಮ ಹುಡುಗ ಸಣ್ಣಾಂವ ಅದಾನಲ್ರೀ. ಅಪ್ಪನೂ ಇಲ್ಲ, ಊರೂ ಹೊಸಾದು. ಒಂದಿನ ಸಿಟ್ಟಿಗೆದ್ದರ ಏನ್ ಮಾಡ್ತೀರಿ?’

ಮನೆ ಕೊಡದೆ ಕಳಿಸಿದರು, ಆದರೆ ಅವರ ಪ್ರಶ್ನೆ ನನ್ನ ಜೊತೆಗೇ ಬಂತು. ನಿಜ ಹೇಳಬೇಕು ಅಂದರೆ ಊರಿನಲ್ಲಿ ಇದನ್ನು ನಾನು ಕೇಳಿಕೊಂಡೇ ಇರಲಿಲ್ಲ. ಅಲ್ಲಿ ಮಕ್ಕಳು ಕೋವಿ ನೋಡುತ್ತಲೇ ಬೆಳೆಯುತ್ತಾರೆ, ಅದನ್ನು ಮುಟ್ಟಬಾರದು ಅನ್ನುವುದು ತಾನಾಗಿ ಬರುತ್ತದೆ ಅಂತ ನಂಬಿದ್ದೆ. ಆದರೆ ಜಾಗದ ಜಗಳಕ್ಕೆ, ಕುಡಿದ ಮತ್ತಿಗೆ, ಬೇಸರಕ್ಕೆ ಕೋವಿ ಎತ್ತಿಕೊಂಡವರು ನಮ್ಮ ಕಡೆಯೂ ಇದ್ದಾರೆ. ಅದನ್ನು ನಾವು ಮದುವೆಮನೆಯಲ್ಲಿ ಮಾತಾಡುವುದಿಲ್ಲ, ಅಷ್ಟೇ. ಅಪ್ಪ ಹೋದಮೇಲೆ ನನ್ನ ಮಗ ಮಾತು ಕಮ್ಮಿ ಮಾಡಿದ್ದಾನೆ. ಗೆಳೆಯರೆಲ್ಲ ಊರಲ್ಲೇ ಉಳಿದರು. ರಾತ್ರಿ ಹೋಟೆಲ್ ರೂಮಿನಲ್ಲಿ ಅವನು ಮಲಗಿದ್ದನ್ನು ನೋಡುತ್ತಾ ತೀರ್ಮಾನ ಮಾಡಿದೆ. ಕಾನೂನು 500 ತೋಟಾ ಅಂದಿದೆ. ನಾನು ಒಂದನ್ನೂ ತರುವುದಿಲ್ಲ. ಮನೆಯಲ್ಲಿ ಉಳಿದಿದ್ದ ಹನ್ನೊಂದನ್ನು ಊರಿನ ಕಡೆಯೇ, ಪರವಾನಗಿ ಇರುವ ಕೋವಿ ಅಂಗಡಿಗೆ ಒಪ್ಪಿಸಿ ರಸೀದಿ ತೆಗೆದುಕೊಂಡೆ.

ಕಡೆಗೆ ಮನೆ ಕೊಟ್ಟವರು ನಿವೃತ್ತ ಗಣಿತದ ಮೇಷ್ಟ್ರು. ವಿನಾಯಿತಿ ಪತ್ರವನ್ನು ಪೂರ್ತಿ ಓದಿ, ಜೆರಾಕ್ಸ್ ಇಟ್ಟುಕೊಂಡು ಮೂರೇ ಪ್ರಶ್ನೆ ಕೇಳಿದರು. ತೋಟಾ ಎಲ್ಲಿದೆ? ಕೀಲಿ ಯಾರ ಹತ್ತಿರ? ನೀವು ಊರಿಗೆ ಹೋದಾಗ ಏನು ವ್ಯವಸ್ಥೆ? ಮೊದಲ ಎರಡಕ್ಕೆ ಉತ್ತರ ಇತ್ತು. ಮೂರನೆಯದಕ್ಕೆ ತಡವರಿಸಿದೆ. ಕೂತು ಮಾತಾಡಿ, ಮೂರು ದಿನಕ್ಕಿಂತ ಜಾಸ್ತಿ ಮನೆ ಬಿಟ್ಟರೆ ಕೋವಿಯನ್ನು ಇಲ್ಲಿನ ಕೋವಿ ಅಂಗಡಿಯಲ್ಲಿ ಠೇವಣಿ ಇಡುವುದು ಅಂತ ಮಾಡಿಕೊಂಡೆವು. ಆಮೇಲೆ ಅವರೇ ಹೇಳಿದರು, ‘ಇದನ್ನ ಕರಾರಿನಾಗ ಬರ್ದ್ ಬಿಡೂಣ್ರೀ. ನಾಳೆ ನಿಮಗೂ ಚಲೋ, ನನಗೂ ಚಲೋ.’ ಹನ್ನೊಂದು ತಿಂಗಳ ಕರಾರು, ಸ್ಟ್ಯಾಂಪ್ ಪೇಪರಿನ ಮೇಲೆ. ಒಂಬತ್ತನೇ ಷರತ್ತು ಹೀಗಿದೆ: ‘ಬಾಡಿಗೆದಾರರ ಬಳಿ ಒಂದು ಜೋಡು ನಳಿಗೆ ಕೋವಿ ಇರುತ್ತದೆ. ಮನೆಯಲ್ಲಿ ತೋಟಾ ಇಡುವುದಿಲ್ಲ. ನಳಿಗೆ ಮತ್ತು ಹಿಡಿಯನ್ನು ಬೇರೆ ಬೇರೆ ಬೀಗದಲ್ಲಿ ಇಡತಕ್ಕದ್ದು.’ ಗೋಡೆಗೆ ಬೋಲ್ಟ್ ಹಾಕಿ ಬೀರು ಕೂರಿಸಲು ಹತ್ತನೇ ಷರತ್ತಿನಲ್ಲಿ ಒಪ್ಪಿಗೆ ಕೊಟ್ಟರು. ಸುಣ್ಣಬಣ್ಣದ ಖರ್ಚು ಮಾತ್ರ ನನ್ನದು!

ಕೋವಿಯನ್ನು ಲಾರಿಯಲ್ಲಿ ಸಾಮಾನಿನ ಜೊತೆ ಕಳಿಸಲಿಲ್ಲ. ಬಿಚ್ಚಿ ಪೆಟ್ಟಿಗೆಗೆ ಹಾಕಿ ಕಾರಿನಲ್ಲಿ ನಾನೇ ತಂದೆ. ಗೋಣಿಕೊಪ್ಪದಿಂದ ಆನೆಚೌಕೂರು ಗೇಟ್ ದಾಟಿ ಹುಣಸೂರಿಗೆ ಹೋಗುವ ದಾರಿ ಹಿಡಿಯಲಿಲ್ಲ. ಅದು ನಾಗರಹೊಳೆ ಕಾಡಿನ ದಾರಿ, ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಆಯುಧ ಒಯ್ಯುವ ಹಾಗಿಲ್ಲ. ಸಿದ್ದಾಪುರ, ಕುಶಾಲನಗರ, ರಾಮನಾಥಪುರ, ಅರಕಲಗೂಡು ಮೇಲೆ ಹಾಸನಕ್ಕೆ ಬಂದು ಮುಂದೆ ಹೋದೆವು. ಎಲ್ಲೂ ಯಾರೂ ತಡೆದು ಕೇಳಲಿಲ್ಲ. ಕೇಳಿದರೆ ತೋರಿಸೋಣ ಅಂತ ಪತ್ರವನ್ನು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಇನ್ನು ಠಾಣೆಯ ಕಥೆ. ಲೈಸೆನ್ಸ್ ಇರುವವರು ಕೋವಿ ಸಮೇತ ಬೇರೆ ಊರಿಗೆ ಹೋಗಿ 30 ದಿನಕ್ಕಿಂತ ಹೆಚ್ಚು ಇರುವುದಾದರೆ ಹಳೇ ಊರಿನ ಅಧಿಕಾರಿಗೂ ಹೊಸ ಊರಿನ ಅಧಿಕಾರಿಗೂ ಬರೆದು ತಿಳಿಸಬೇಕು. ನನ್ನದು ವಿನಾಯಿತಿ ಪತ್ರ, ಆದರೂ ಅದೇ ಕ್ರಮದಲ್ಲಿ ಹೋಗೋಣ ಅಂದುಕೊಂಡೆ. ಒಂದು ಅರ್ಜಿ, ಪತ್ರದ ಜೆರಾಕ್ಸ್, ಕರಾರಿನ ಜೆರಾಕ್ಸ್ ಹಿಡಿದು ಹೋದೆ. ಮೊದಲ ದಿನ ರೈಟರ್ ಬಂದೋಬಸ್ತ್‌ಗೆ ಹೋಗಿದ್ದರು. ಎರಡನೇ ದಿನ ಒಬ್ಬ ಹುಡುಗ ಕಾನ್‌ಸ್ಟೆಬಲ್ ಲೈಸೆನ್ಸ್ ನಂಬರ್ ಕೇಳಿದ. ನಂಬರ್ ಇಲ್ಲ, ನಮಗೆ ವಿನಾಯಿತಿ ಅಂದೆ. ‘ಅಂದ್ರ ಲೈಸೆನ್ಸ್ ಇಲ್ದ ಬಂದೂಕು ಇಟ್ಕೊಂಡೀರಿ ಅಂದಂಗಾತು’ ಅಂದ. ಬ್ಯಾಂಕಿನಲ್ಲಿ ದಿನಾ ಹತ್ತು ಜನರನ್ನು ಕಾಗದ ಸರಿಯಿಲ್ಲ ಅಂತ ವಾಪಸ್ ಕಳಿಸುವ ನನಗೆ ಆ ಬೆಂಚಿನ ಮೇಲೆ ಕೂತಾಗ ಕೈ ತಣ್ಣಗಾಯಿತು. ಅಲ್ಲಿಂದ ಇನ್ನೊಂದು ಕಚೇರಿಗೆ ಕಳಿಸಿದರು, ಅವರು ತಿರುಗಿ ಇಲ್ಲಿಗೇ ಕಳಿಸಿದರು. ಮೂರನೇ ಸಲ ಹಿರಿಯ ಅಧಿಕಾರಿಯೊಬ್ಬರು ಅಧಿಸೂಚನೆ ಓದಿ, ಅರ್ಜಿಯ ಪ್ರತಿಗೆ ಸೀಲು, ತಾರೀಕು ಹಾಕಿಕೊಟ್ಟರು. ‘ಎಲೆಕ್ಷನ್ ಟೈಮಿಗೆ ತಂದು ಇಡ್ರಿ ಅಂದರೆ ಇಡಬೇಕಾಗ್ತದ’ ಅಂದರು. ಆಗಲಿ ಅಂದೆ. ಎಣ್ಣೆ ಬಟ್ಟೆಯಲ್ಲಿ ಸುತ್ತಿ ತರುತ್ತೇನೆ.

ಆ ಸೀಲು ಹಾಕಲು ಹಿಡಿದದ್ದು ಐದು ನಿಮಿಷ. ಅದಕ್ಕೆ ನಾನು ಹಾಕಿದ್ದು ಮೂರು ರಜೆ. ನಾನು ಬ್ಯಾಂಕಿನವಳು, ಕಾಗದದ ಜೊತೆ ಗುದ್ದಾಡಿ ಅಭ್ಯಾಸ ಇದೆ. ತೋಟದ ಕೆಲಸ ಬಿಟ್ಟು ಮೈಸೂರಿಗೋ ಬೆಂಗಳೂರಿಗೋ ಡ್ರೈವರ್ ಕೆಲಸಕ್ಕೆ ಹೋದ ಹುಡುಗ ಎರಡನೇ ದಿನವೇ ಠಾಣೆ ಕಡೆ ತಲೆ ಹಾಕುವುದು ಬಿಡುತ್ತಾನೆ. ಕೋವಿ ಮಂಚದ ಕೆಳಗೆ ಹೋಗುತ್ತದೆ. ಮಾಲೀಕರಿಗೂ ಗೊತ್ತಿಲ್ಲ, ಠಾಣೆಗೂ ಗೊತ್ತಿಲ್ಲ. ನಾನು ಬರೆಯುತ್ತಿರುವುದು ಅದಕ್ಕೇ. ಕೊಡಗಿನ ಹೊರಗಿನ ಠಾಣೆಗಳಿಗೆ ಗೃಹ ಇಲಾಖೆ ಒಂದು ಪುಟದ ಸುತ್ತೋಲೆ ಕಳಿಸಲಿ. ವಿನಾಯಿತಿ ಪತ್ರ ಅಂದರೆ ಏನು, ಅದರ ಮಿತಿ ಎಷ್ಟು, ತಿಳಿಸಲು ಬಂದವರಿಗೆ ಸ್ವೀಕೃತಿ ಕೊಡಬೇಕು, ಇಷ್ಟಿದ್ದರೆ ಸಾಕು. ಮನೆ ಮಾಲೀಕರು ಬೇಡ ಅನ್ನುವುದಾದರೆ ಅನ್ನಲಿ, ಅದು ಅವರ ಮನೆ. ಆದರೆ ಕೊಡುವವರು ಮೇಷ್ಟ್ರ ಹಾಗೆ ಮೂರು ಪ್ರಶ್ನೆ ಕೇಳಿ ಬರೆಸಿಕೊಳ್ಳಲಿ. ಮತ್ತೆ ನಮ್ಮವರಿಗೆ ಒಂದು ಮಾತು. ಅಡ್ವಾನ್ಸ್ ಕೊಡುವ ಮುಂಚೆಯೇ ಹೇಳಿಬಿಡಿ. ಎಂಟು ಮನೆ ತಪ್ಪುತ್ತದೆ, ತಪ್ಪಲಿ.

ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್, ನಮ್ಮ ಆಯುಧಪೂಜೆಯ ಹಬ್ಬ. ಊರಿಗೆ ಹೋಗಲು ರಜೆ ಸಿಗಲಿಲ್ಲ. ಬೀರು ತೆಗೆದು, ನಳಿಗೆ ಹಿಡಿ ಜೋಡಿಸಿ, ಅತ್ತೆಯ ಎದುರು ಮಣೆಯ ಮೇಲೆ ಇಟ್ಟೆ. ನಳಿಗೆಯ ತುದಿಗೆ ತೋಕ್‌ಪೂ ಅನ್ನುವ ಹೂವು ಸಿಗಿಸಬೇಕು, ಇಲ್ಲಿ ಎಲ್ಲಿಂದ ತರಲಿ ಅಂತ ಯೋಚನೆ. ಬೆಳಿಗ್ಗೆ ಮಗ ಸೈಕಲ್ಲಿನಲ್ಲಿ ಹೋಗಿ ಕೆಲಗೇರಿ ಕಡೆ ಯಾವುದೋ ಬೇಲಿಯಿಂದ ಎರಡು ಕಿತ್ತು ತಂದಿದ್ದ. ಇಲ್ಲೂ ಬೆಳೆಯುತ್ತದಂತೆ. ಮೇಷ್ಟ್ರ ಮನೆಗೆ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಕಡುಬು, ಕೊಟ್ಟು ಕಳಿಸಿದೆ, ಕಾಯಿಪಲ್ಯದ ಸಾರಿನ ಜೊತೆ. ಸಂಜೆ ಕೋವಿ ಬಿಚ್ಚಿ ಎರಡು ಬೀಗದೊಳಗೆ ಹಾಕಿದೆ.

ದಯವಿಟ್ಟು ನನ್ನ ಹೆಸರು, ಬಡಾವಣೆಯ ಹೆಸರು ಹಾಕಬೇಡಿ. ನಾಚಿಕೆಗಲ್ಲ. ಕೋವಿ ಇರುವ ಮನೆಯ ವಿಳಾಸ ಪೇಪರಿನಲ್ಲಿ ಬರುವುದು ಬೇಡ ಅಂತ.

ಇಂತಿ,
ಒಬ್ಬ ಬ್ಯಾಂಕ್ ಉದ್ಯೋಗಿ, ಧಾರವಾಡ