ಹೊಸ ಬಾವಿಯ ಘೋಷಣೆ ಇರಲಿ, ಹಳೆಯ ಸೆಸ್‌ನ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ಅಂಡಮಾನ್ ಸಮುದ್ರದಲ್ಲಿ ನೈಸರ್ಗಿಕ ಅನಿಲ ಸಿಕ್ಕಿದೆ ಎಂದು 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವರು ಪ್ರಕಟಿಸಿದ್ದರು. ಅಲ್ಲಿಂದೀಚೆಗೆ ‘ನಮ್ಮ ನೆಲದ್ದೇ ಎಣ್ಣೆ ಬಂದರೆ ಪೆಟ್ರೋಲ್ ಅರ್ಧ ಬೆಲೆಗೆ ಸಿಗುತ್ತದೆ’ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇದೆ. ಸಿಕ್ಕಿದ್ದು ಏನು, ಅದರಿಂದ ಯಾರಿಗೆ ಏನು ಸಿಗಬಹುದು ಎಂದು ಬಿಡಿಸಿ ಹೇಳುವುದು ಅಗತ್ಯ ಅನಿಸಿ ಈ ಪತ್ರ.

ಶ್ರೀ ವಿಜಯಪುರಂ-2 ಎಂಬ ಆ ಬಾವಿಯನ್ನು ಆಯಿಲ್ ಇಂಡಿಯಾ ಕೊರೆದದ್ದು ಅಂಡಮಾನ್‌ನ ಪೂರ್ವ ಕರಾವಳಿಯಿಂದ ಸುಮಾರು 17 ಕಿ.ಮೀ. ದೂರದಲ್ಲಿ. ಅಲ್ಲಿ ನೀರಿನ ಆಳ 295 ಮೀಟರ್, ಬಾವಿಯ ಆಳ 2,650 ಮೀಟರ್. 2,212ರಿಂದ 2,250 ಮೀಟರ್ ನಡುವಿನ ಪದರವನ್ನು ಪರೀಕ್ಷೆಗೆ ಒಡ್ಡಿದಾಗ ಅನಿಲ ಮೇಲೆ ಬಂದು ಬಿಟ್ಟು ಬಿಟ್ಟು ಉರಿಯಿತು. ಅದರಲ್ಲಿ ಶೇ 87ರಷ್ಟು ಮೀಥೇನ್. ಓದುಗರು ಗಮನಿಸಬೇಕಾದದ್ದು ‘ಬಿಟ್ಟು ಬಿಟ್ಟು’ ಎಂಬುದನ್ನು. ತೈಲವಾಗಲಿ ಅನಿಲವಾಗಲಿ ನೆಲದಡಿ ಕೆರೆಯಂತೆ ನಿಂತಿರುವುದಿಲ್ಲ, ಕಲ್ಲಿನ ಕೂದಲೆಳೆಯಷ್ಟು ಸಣ್ಣ ರಂಧ್ರಗಳಲ್ಲಿ ಇರುತ್ತದೆ. ಹರಿವು ತಡೆತಡೆದು ಬಂದರೆ ಮೂರು ಕಾರಣ ಇರಬಹುದು: ರಂಧ್ರಗಳ ನಡುವೆ ದಾರಿ ಸಾಲದು, ಪದರವೇ ಪುಟ್ಟದು, ಇಲ್ಲವೇ ಕೊರೆಯುವಾಗ ಬಳಸಿದ ‘ಮಡ್’ ಎಂಬ ಕೆಸರಿನಂಥ ದ್ರವ ಒಳನುಗ್ಗಿ ಬಾವಿಯ ಸುತ್ತ ಕಟ್ಟಿಕೊಂಡಿದೆ. ಯಾವುದೆಂದು ತಿಳಿಯಲು ಬಾವಿಯನ್ನು ಕೆಲಕಾಲ ಹರಿಯಬಿಟ್ಟು, ಆಮೇಲೆ ಮುಚ್ಚಿ, ತಳದ ಒತ್ತಡ ಎಷ್ಟು ಬೇಗ, ಎಷ್ಟರಮಟ್ಟಿಗೆ ಮರಳುತ್ತದೆ ಎಂದು ಅಳೆಯುತ್ತಾರೆ. ಸಾಕಷ್ಟು ಕಾದರೂ ಮೊದಲಿನ ಮಟ್ಟಕ್ಕೆ ಮರಳದಿದ್ದರೆ ಪದರ ಚಿಕ್ಕದಿರುವ ಸಾಧ್ಯತೆ ಹೆಚ್ಚು. ಈ ಅಂಕಿ ಕೈಗೆ ಬರುವ ಮುನ್ನ ‘ನಿಕ್ಷೇಪ’ ಎಂಬ ಪದ ಬಳಸುವುದೇ ಆತುರ.

ಅದಾದ ಮೇಲೂ ದಾರಿ ಉದ್ದವಿದೆ. ಅಕ್ಕಪಕ್ಕ ಮೂರ್ನಾಲ್ಕು ಅಳತೆಬಾವಿ ಕೊರೆದು ಪದರದ ಅಂಚು ಹುಡುಕಬೇಕು, ವಾಣಿಜ್ಯವಾಗಿ ಗಿಟ್ಟುತ್ತದೆಂದು ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯಕ್ಕೆ ತೋರಿಸಬೇಕು, ಅಭಿವೃದ್ಧಿ ಯೋಜನೆಗೆ ಒಪ್ಪಿಗೆ ಪಡೆಯಬೇಕು. ಉತ್ಪಾದನಾ ಬಾವಿ, ಪೈಪ್‌ಲೈನ್ ಎಲ್ಲ ಆಮೇಲೆ. ಅಂಡಮಾನ್‌ನಿಂದ ಮುಖ್ಯಭೂಮಿಗೆ ಅನಿಲದ ಕೊಳವೆ ಇಲ್ಲ. ದ್ವೀಪಗಳಲ್ಲಿ ವಿದ್ಯುತ್ ಬಹುಪಾಲು ಡೀಸೆಲ್ ಜನರೇಟರ್‌ಗಳದ್ದು. ಹಾಗಾಗಿ ಸಾಧಾರಣ ಗಾತ್ರದ ಅನಿಲ ಸಿಕ್ಕರೂ ಅಲ್ಲಿನ ಡೀಸೆಲ್ ನಿಲ್ಲಿಸಬಹುದು. ಅಷ್ಟಾದರೂ ಒಳ್ಳೆಯದೇ. ಬೆಂಗಳೂರಿನ ಬಂಕ್‌ಗೂ ಅದಕ್ಕೂ ಸಂಬಂಧವಿಲ್ಲ.

ಎಷ್ಟು ವರ್ಷ ಬೇಕು ಎಂಬುದಕ್ಕೆ ನಮ್ಮದೇ ಉದಾಹರಣೆ ಕೃಷ್ಣಾ-ಗೋದಾವರಿ ಜಲಾನಯನದ 98/2 ಬ್ಲಾಕ್. 2000ದಲ್ಲಿ ಹಂಚಿಕೆಯಾಯಿತು, 2005ರಲ್ಲಿ ಒಎನ್‌ಜಿಸಿ ಕೈಗೆ ಬಂತು, ಮೊದಲ ತೈಲ ಹರಿದದ್ದು 2024ರ ಜನವರಿಯಲ್ಲಿ. ಗಯಾನಾದಲ್ಲಿ 2015ರ ಮೇ ತಿಂಗಳಲ್ಲಿ ಪತ್ತೆಯಾದ ಲೀಸಾ ಕ್ಷೇತ್ರ 2019ರ ಡಿಸೆಂಬರ್‌ನಲ್ಲೇ ಉತ್ಪಾದನೆಗಿಳಿಯಿತು ಎಂಬುದನ್ನೂ ಹೇಳಬೇಕು. ಅಂದರೆ ಬೇಗ ಮಾಡಲು ಸಾಧ್ಯವಿದೆ, ನಾವು ಮಾಡಿಲ್ಲ. ಇನ್ನು ಘೋಷಣೆಗಳ ಮಾತು. 2005ರ ಜೂನ್‌ನಲ್ಲಿ ಗುಜರಾತ್‌ನ ಅಂದಿನ ಮುಖ್ಯಮಂತ್ರಿ ನರೇಂದ್ರ ಮೋದಿ ಅದೇ ಕೃಷ್ಣಾ-ಗೋದಾವರಿ ಕರಾವಳಿಯಲ್ಲಿ 20 ಲಕ್ಷ ಕೋಟಿ ಘನ ಅಡಿ ಅನಿಲ ಸಿಕ್ಕಿದೆ ಎಂದು ಘೋಷಿಸಿದ್ದರು. ಆ ದೀನದಯಾಳ್ ಕ್ಷೇತ್ರದಲ್ಲಿ ಹೇಳಿಕೊಳ್ಳುವಷ್ಟು ಅನಿಲ ಬರಲೇ ಇಲ್ಲ. ರಾಜ್ಯ ಸರ್ಕಾರದ ಕಂಪನಿಯ ಶೇ 80ರ ಪಾಲನ್ನು 2017ರಲ್ಲಿ ಸುಮಾರು 120 ಕೋಟಿ ಡಾಲರ್ ಕೊಟ್ಟು ಒಎನ್‌ಜಿಸಿ ಕೊಂಡುಕೊಂಡಿತು. ಅಲ್ಲೇ ಯುಪಿಎ ಕಾಲದ, ರಿಲಯನ್ಸ್ ಕಂಪನಿಯ ಕೆಜಿ-ಡಿ6 ಬ್ಲಾಕ್‌ನ ಕಥೆಯೂ ಇದಕ್ಕಿಂತ ಚೆನ್ನಾಗಿಲ್ಲ. ದಿನಕ್ಕೆ 8 ಕೋಟಿ ಘನ ಮೀಟರ್ ಬರುತ್ತದೆಂಬ ಅಂದಾಜು, 2010ರಲ್ಲಿ 6 ಕೋಟಿ ದಾಟಿ ಅಲ್ಲಿಂದ ಕುಸಿತ. ನೀರು, ಮರಳು ನುಗ್ಗಿತು ಎಂದಿತು ಕಂಪನಿ. ಒಪ್ಪಿಕೊಂಡಷ್ಟು ಬಾವಿ ಕೊರೆಯಲಿಲ್ಲ ಎಂದಿತು ಸರ್ಕಾರ. ಅದರ ಮುಖ್ಯ ಡಿ1-ಡಿ3 ಕ್ಷೇತ್ರ 2020ರ ಫೆಬ್ರುವರಿಯಲ್ಲಿ ನಿಂತೇಹೋಯಿತು.

ಸರಿ, ಎಲ್ಲ ಅಂದುಕೊಂಡಂತೆ ಆಗಿ ತೈಲ ಬಂತು ಎನ್ನೋಣ. ಬೆಲೆ ಇಳಿಯುತ್ತದೆಯೇ? ಇಲ್ಲ. ದೇಶದೊಳಗಿನ ಬಾವಿಯ ಕಚ್ಚಾ ತೈಲವನ್ನು ಉತ್ಪಾದಕರು ಇಷ್ಟಬಂದವರಿಗೆ ಮಾರಲು 2022ರ ಅಕ್ಟೋಬರ್‌ನಿಂದ ಬಿಡಲಾಗಿದೆ. ಅದಕ್ಕೂ ಮೊದಲಿನಿಂದಲೇ ದರ ಅಂತರರಾಷ್ಟ್ರೀಯ ಮಾರುಕಟ್ಟೆಯದ್ದು. ಮುಂಬೈ ಬಳಿಯ ಸಮುದ್ರದ ಬಾಂಬೆ ಹೈ ಕ್ಷೇತ್ರದ ಎಣ್ಣೆಯಾದರೂ ಇರಾಕಿನ ಬಸ್ರಾದ ಎಣ್ಣೆಯಾದರೂ ರಿಫೈನರಿ ಬಾಗಿಲಲ್ಲಿ ಹೆಚ್ಚುಕಡಿಮೆ ಒಂದೇ ಬೆಲೆ. ಅದರ ಮೇಲೆ ತೆರಿಗೆ. 2025ರ ಏಪ್ರಿಲ್‌ನಲ್ಲಿ 2 ರೂಪಾಯಿ ಏರಿದ ಮೇಲೆ ಪೆಟ್ರೋಲ್ ಮೇಲಿನ ಕೇಂದ್ರ ಸುಂಕ ಲೀಟರಿಗೆ 21.90 ರೂಪಾಯಿ ಆಯಿತು. ಆಗಿನ ಆ ಸುಂಕವನ್ನು ಒಡೆದು ನೋಡಿ: ಮೂಲ ಅಬಕಾರಿ ಸುಂಕ 1.40, ವಿಶೇಷ ಹೆಚ್ಚುವರಿ ಸುಂಕ 13, ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5, ಕೃಷಿ ಸೆಸ್ 2.50. ರಾಜ್ಯಗಳಿಗೆ ಪಾಲು ಬರುವುದು ಮೊದಲ 1.40ರಲ್ಲಿ ಮಾತ್ರ. ನಮ್ಮ ರಾಜ್ಯ ಸರ್ಕಾರವೂ ಸುಮ್ಮನೆ ಕೂತಿಲ್ಲ. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು, 2025ರ ಏಪ್ರಿಲ್ 1ರಿಂದ ಡೀಸೆಲ್‌ನದ್ದನ್ನು ಶೇ 21.17ಕ್ಕೆ ಒಯ್ದಿತು. ಶೇಕಡಾವಾರು ತೆರಿಗೆಯಾದ್ದರಿಂದ ಕಚ್ಚಾ ತೈಲ ದುಬಾರಿಯಾದಾಗ ರಾಜ್ಯದ ಬೊಕ್ಕಸಕ್ಕೆ ತಾನಾಗಿಯೇ ಹೆಚ್ಚು ಬರುತ್ತದೆ. ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವುದರಲ್ಲಿ ಇಬ್ಬರಿಗೂ ಅನುಕೂಲವಿದೆ.

ಹಾಗಾದರೆ ಕೊರೆಯುವುದೇ ಬೇಡವೇ? ಬೇಕು. ಲಾಭ ಇರುವುದು ಡಾಲರ್ ಉಳಿತಾಯದಲ್ಲಿ, ಹಡಗು ನಿಂತುಹೋದ ದಿನದ ಭದ್ರತೆಯಲ್ಲಿ. ಒಂದು ಟನ್‌ಗೆ ಸುಮಾರು 7.33 ಬ್ಯಾರೆಲ್. ಬ್ಯಾರೆಲ್‌ಗೆ 70 ಡಾಲರ್ ಎಂದು ಹಿಡಿದರೆ ದೇಶದಲ್ಲೇ ತೆಗೆದ ಪ್ರತಿ 10 ಲಕ್ಷ ಟನ್‌ಗೆ 51 ಕೋಟಿ ಡಾಲರ್ ಉಳಿಯುತ್ತದೆ. ನಮ್ಮ ಉತ್ಪಾದನೆ 2011-12ರಲ್ಲಿ 3.8 ಕೋಟಿ ಟನ್ ಇದ್ದದ್ದು 2024-25ಕ್ಕೆ 2.87 ಕೋಟಿ ಟನ್‌ಗೆ ಇಳಿದಿದೆ. ಆಮದಿನ ಅವಲಂಬನೆಯನ್ನು 2022ರ ಹೊತ್ತಿಗೆ ಶೇ 77ರಿಂದ 67ಕ್ಕೆ ಇಳಿಸುತ್ತೇವೆ ಎಂದು ಪ್ರಧಾನಿ 2015ರಲ್ಲಿ ಹೇಳಿದ್ದರು. ಅದೀಗ ಶೇ 88ರ ಆಸುಪಾಸಿನಲ್ಲಿದೆ.

ಈ ಕುಸಿತಕ್ಕೆ ಹೊಸ ಬಾವಿ ಸಿಗದಿದ್ದದ್ದು ಅರ್ಧ ಕಾರಣ. ಹಳೆಯ ಕ್ಷೇತ್ರಗಳು ಸೊರಗಿದ್ದು ಇನ್ನರ್ಧ. ಬಾಂಬೆ ಹೈ ಪತ್ತೆಯಾದದ್ದು 1974ರಲ್ಲಿ, ಉತ್ಪಾದನೆ 1976ರಿಂದ. ಯಾವುದೇ ಕ್ಷೇತ್ರದಲ್ಲಿ ನೆಲದಡಿಯ ಎಲ್ಲ ತೈಲ ಮೇಲೆ ಬರುವುದಿಲ್ಲ, ಮೂರನೇ ಒಂದು ಭಾಗ ಬಂದರೆ ಪುಣ್ಯ. 100 ಕೋಟಿ ಬ್ಯಾರೆಲ್ ಇರುವ ಕ್ಷೇತ್ರದಲ್ಲಿ ಶೇ 28ರ ಬದಲು ಶೇ 33 ತೆಗೆಯಲಾದರೆ 5 ಕೋಟಿ ಬ್ಯಾರೆಲ್ ಹೆಚ್ಚುವರಿ ಸಿಕ್ಕಿತು. ಅದಕ್ಕೆ ಹುಡುಕಾಟ ಬೇಡ, ಎಣ್ಣೆ ಎಲ್ಲಿದೆ ಎಂಬುದು ಗೊತ್ತೇ ಇದೆ.

ಹೇಗೆ ತೆಗೆಯುತ್ತಾರೆ ಎಂಬುದಕ್ಕೆ ರಾಜಸ್ಥಾನದ ಬಾರ್ಮೇರ್‌ನ ಮಂಗಲಾ ಕ್ಷೇತ್ರ ನೋಡಬೇಕು. ಅಲ್ಲಿನ ಎಣ್ಣೆಯಲ್ಲಿ ಮೇಣ ಎಷ್ಟೆಂದರೆ ಸ್ವಲ್ಪ ತಣ್ಣಗಾದರೂ ಹೆಪ್ಪುಗಟ್ಟುತ್ತದೆ. ಗುಜರಾತ್ ಕರಾವಳಿಯವರೆಗಿನ ಪೈಪ್‌ಲೈನನ್ನು ದಾರಿಯುದ್ದಕ್ಕೂ ಬಿಸಿ ಇಡಬೇಕಾಗುತ್ತದೆ. ಒತ್ತಡ ಕುಗ್ಗಿದಾಗ ಬಾವಿಗೆ ನೀರು ತುಂಬಿ ಎಣ್ಣೆಯನ್ನು ಮುಂದಕ್ಕೆ ತಳ್ಳುವುದು ವಾಡಿಕೆ. ಆದರೆ ನೀರು ಎಣ್ಣೆಗಿಂತ ತೆಳು, ಸಲೀಸಾದ ಸಂದಿಯಲ್ಲಿ ನುಸುಳಿ ಎಣ್ಣೆಯನ್ನು ಹಿಂದೆಯೇ ಬಿಟ್ಟು ಉತ್ಪಾದನಾ ಬಾವಿಗೆ ಓಡಿಬಿಡುತ್ತದೆ. ಆಮೇಲೆ ಪಂಪ್ ಎತ್ತುವುದು ಬಹುಪಾಲು ನೀರನ್ನೇ. ಅದಕ್ಕಾಗಿ ನೀರಿಗೆ ಪಾಲಿಅಕ್ರಿಲಮೈಡ್ ಜಾತಿಯ ಪಾಲಿಮರ್ ಬೆರೆಸಿ ದಪ್ಪ ಮಾಡಿ ಬಿಡುತ್ತಾರೆ. ಇಲ್ಲಿ ಕೆಡುವುದು ಸಣ್ಣ ಸಣ್ಣ ವಿಷಯಗಳಲ್ಲಿ. ನೀರಿನಲ್ಲಿ ಉಪ್ಪು, ಕ್ಯಾಲ್ಸಿಯಂ ಹೆಚ್ಚಿದ್ದರೆ ಪಾಲಿಮರ್ ಸುರುಟಿಕೊಂಡು ದಪ್ಪ ಇಳಿಯುತ್ತದೆ. ವಾಲ್ವ್‌ನ ಕಿರಿದಾದ ಬಾಯಲ್ಲಿ ರಭಸದಿಂದ ನುಗ್ಗಿಸಿದರೆ ಅದರ ಎಳೆಗಳು ತುಂಡಾಗುತ್ತವೆ. ಆಮ್ಲಜನಕ ಸೋರಿ ಬೆರೆತರೂ ಹಾಳು. ಇಷ್ಟೆಲ್ಲ ದಾಟಿ ಎಣ್ಣೆ ಮೇಲೆ ಬಂದರೆ, ಜೊತೆಗೆ ಬಂದ ಪಾಲಿಮರ್ ಎಣ್ಣೆ-ನೀರನ್ನು ಬೇರ್ಪಡಲು ಬಿಡದೆ ಹೀಟರ್ ಟ್ಯೂಬ್‌ಗಳಿಗೆ ಅಂಟಿಕೊಳ್ಳುತ್ತದೆ. ಅಂದರೆ ಇದು ರಿಬ್ಬನ್ ಕತ್ತರಿಸಿ ಮರೆಯುವ ಕೆಲಸವಲ್ಲ, ದಿನದಿನವೂ ರಾಸಾಯನಿಕ, ಪ್ರಯೋಗಾಲಯ, ನುರಿತ ಕೈ ಬೇಡುವ ಕೆಲಸ. ಬಾಂಬೆ ಹೈಗೆ ತಾಂತ್ರಿಕ ನೆರವು ನೀಡಲು ಬಿಪಿ ಕಂಪನಿಯನ್ನು ಒಎನ್‌ಜಿಸಿ 2025ರ ಜನವರಿಯಲ್ಲಿ ಆರಿಸಿಕೊಂಡಿದ್ದು ಸರಿಯಾದ ಹೆಜ್ಜೆ. ಹತ್ತು ವರ್ಷ ಮುಂಚೆಯೇ ಇಡಬೇಕಿತ್ತು.

ಹಳೆಯ ಬಾವಿಗೆ ಖರ್ಚು ಮಾಡಲು ಕಂಪನಿಗಳು ಹಿಂದೆಮುಂದೆ ನೋಡುವುದಕ್ಕೆ ತೆರಿಗೆಯೂ ಕಾರಣ. ಸರ್ಕಾರ ಹರಾಜಿಲ್ಲದೆ ನಾಮನಿರ್ದೇಶನದ ಮೇಲೆ ಕೊಟ್ಟ ಹಳೆಯ ಕ್ಷೇತ್ರಗಳ ತೈಲಕ್ಕೆ 2016ರಿಂದ ಶೇ 20 ಸೆಸ್ ಇದೆ. 70 ಡಾಲರ್‌ನ ಬ್ಯಾರೆಲ್‌ಗೆ 14 ಡಾಲರ್, ರಾಯಲ್ಟಿ ಬೇರೆ. ಇದು ಲಾಭದ ಮೇಲಲ್ಲ, ಮಾರಾಟದ ಮೇಲೆ. ನೀರೇ ಹೆಚ್ಚು ಬರುವ ಬಾವಿಯಲ್ಲಿ ವಿದ್ಯುತ್, ಪಾಲಿಮರ್ ಖರ್ಚು ಕಳೆದು ಉಳಿಯುವುದನ್ನು ಸೆಸ್ ನುಂಗಿದರೆ ಆ ಬಾವಿಯನ್ನು ಮುಚ್ಚುವುದೇ ವಾಸಿ ಅನಿಸುತ್ತದೆ. 2022ರ ಜುಲೈನಲ್ಲಿ ಟನ್‌ಗೆ 23,250 ರೂಪಾಯಿ ವಿಂಡ್‌ಫಾಲ್ ತೆರಿಗೆಯನ್ನೂ (ಬೆಲೆ ಏರಿ ಬಂದ ದಿಢೀರ್ ಲಾಭದ ಮೇಲಿನ ತೆರಿಗೆ) ಹೇರಿದರು, 2024ರ ಡಿಸೆಂಬರ್‌ನಲ್ಲಿ ತೆಗೆದರು.

ಸೆಸ್ ಇರಲಿ, ಅದು ಹೋಗುವುದೆಲ್ಲಿಗೆ? 1974ರ ಕಾಯ್ದೆಯ ಪ್ರಕಾರ ಅದು ತೈಲೋದ್ಯಮದ ಅಭಿವೃದ್ಧಿಗೆಂದೇ ಇರುವ ಹಣ, ತೈಲೋದ್ಯಮ ಅಭಿವೃದ್ಧಿ ಮಂಡಳಿಯ ಮೂಲಕ ವ್ಯಯವಾಗಬೇಕಾದದ್ದು. ಒಂದು ದಶಕದಲ್ಲಿ ಸಂಗ್ರಹವಾದ ಲಕ್ಷ ಕೋಟಿ ರೂಪಾಯಿಗೂ ಮೀರಿದ ಸೆಸ್ ಮಂಡಳಿಗೆ ವರ್ಗವಾಗಿಲ್ಲ ಎಂದು ಸಿಎಜಿಯೇ ವರದಿ ಕೊಟ್ಟಿದೆ. ಸರ್ಕಾರ ಯಾವ ಪಕ್ಷದ್ದಾದರೂ ಈ ಚಾಳಿ ಬದಲಾಗಿಲ್ಲ.

ಇದೆಲ್ಲ ಕರ್ನಾಟಕಕ್ಕೆ ಹೇಗೆ ತಟ್ಟುತ್ತದೆ ಎಂದು ನೋಡೋಣ. ನಮ್ಮ ರಾಜ್ಯದ ನೆಲ ಬಹುಪಾಲು ಪುರಾತನ ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಶಿಲೆ. ಎಣ್ಣೆ ಹುಟ್ಟುವ ಕೆಸರುಕಲ್ಲಿನ ದಪ್ಪ ಪದರ ಇಲ್ಲಿಲ್ಲ. ಪಶ್ಚಿಮ ಕರಾವಳಿಯ ಕೇರಳ-ಕೊಂಕಣ ಜಲಾನಯನದಲ್ಲಿ ಪದರಗಳಿವೆ, ಆದರೆ ಮೇಲೆ ಲಾವಾದ ಬಸಾಲ್ಟ್ ಮುಚ್ಚಿರುವಲ್ಲಿ ನೆಲದಡಿ ನೋಡಲು ಕಳಿಸುವ ಸೀಸ್ಮಿಕ್ (ಕಂಪನದ) ಅಲೆಗಳು ಚದುರಿ ಕೆಳಗಿನ ಚಿತ್ರ ಮಸುಕಾಗುತ್ತದೆ. ಅಲ್ಲಿ ಇಂದಿನವರೆಗೆ ಗಿಟ್ಟುವಂಥದ್ದು ಸಿಕ್ಕಿಲ್ಲ. ಆದರೆ ಎಣ್ಣೆಗೆ ಒದಗದ ಆ ಗಟ್ಟಿ ಕಲ್ಲೇ ಎಣ್ಣೆ ಬಚ್ಚಿಡಲು ಹೇಳಿಮಾಡಿಸಿದ್ದು. ಮಂಗಳೂರಿನ ಪೆರ್ಮುದೆಯಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವ ಗುಹೆಗಳಿವೆ. ವಿಶಾಖಪಟ್ಟಣದ 13.3 ಲಕ್ಷ ಸೇರಿದರೆ ದೇಶದ ಮೊದಲ ಹಂತದ ತುರ್ತು ಸಂಗ್ರಹ 53.3 ಲಕ್ಷ ಟನ್, ಭರ್ತಿ ಇದ್ದರೆ ಸುಮಾರು ಒಂಬತ್ತೂವರೆ ದಿನಕ್ಕೆ ಸಾಕು.

ಈ ಗುಹೆಗಳಿಗೆ ಉಕ್ಕಿನ ಒಳಗವಚ ಇಲ್ಲ, ಬರೀ ಕಲ್ಲು. ಎಣ್ಣೆ ಸೋರದಂತೆ ತಡೆಯುವುದು ಅಂತರ್ಜಲ. ಗುಹೆಯ ಮೇಲ್ಗಡೆ ಸಣ್ಣ ಸುರಂಗ ತೋಡಿ, ಅದರಿಂದ ಸಾಲು ರಂಧ್ರ ಕೊರೆದು ನೀರು ತುಂಬಿ ಒತ್ತಡದಲ್ಲಿಡುತ್ತಾರೆ. ಕಲ್ಲಿನ ಬಿರುಕಿನಲ್ಲಿ ನೀರಿನ ಒತ್ತಡ ಎಣ್ಣೆಯ ಆವಿಯ ಒತ್ತಡಕ್ಕಿಂತ ಸದಾ ಹೆಚ್ಚಿರಬೇಕು. ಆಗ ನೀರು ಒಳಗೆ ಜಿನುಗುತ್ತದೆಯೇ ಹೊರತು ಎಣ್ಣೆ ಹೊರಗೆ ಹೋಗದು. ಜಿನುಗಿದ ನೀರನ್ನು ತಳದಿಂದ ಪಂಪ್ ಮಾಡಿ, ಶುದ್ಧೀಕರಿಸಿ ಬಿಡಬೇಕು. ಸುತ್ತಲಿನ ಅಂತರ್ಜಲ ಕುಸಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಪಾದೂರಿನವರು ಎರಡನೇ ಹಂತದ ಗುಹೆಗಳ ಬಗ್ಗೆ ತಮ್ಮ ಮನೆಬಾವಿಯ ನೀರಿನ ಪ್ರಶ್ನೆ ಎತ್ತಿದರೆ ಅದನ್ನು ಅಭಿವೃದ್ಧಿ ವಿರೋಧ ಎಂದು ತಳ್ಳಿಹಾಕುವಂತಿಲ್ಲ. ಗುಹೆಯ ಸುರಕ್ಷತೆಗೂ ಅದೇ ನೀರು ಬೇಕು.

ಗುಹೆ ಲಾಭ ಕೊಡುವುದು ಅಗ್ಗದ ಕಾಲದಲ್ಲಿ ತುಂಬಿದರೆ. 2020ರ ಏಪ್ರಿಲ್-ಮೇನಲ್ಲಿ ಬ್ಯಾರೆಲ್‌ಗೆ ಸರಾಸರಿ 19 ಡಾಲರ್‌ಗೆ ತುಂಬಿ 5,000 ಕೋಟಿ ರೂಪಾಯಿ ಉಳಿಸಿದೆವು ಎಂದು ಸರ್ಕಾರವೇ ಹೇಳಿಕೊಂಡಿತು. ನಿಜ. (ಅದೇ ಮೇ ತಿಂಗಳಲ್ಲಿ ಪೆಟ್ರೋಲ್ ಮೇಲೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿತು ಎಂಬುದನ್ನು ಅಷ್ಟು ಜೋರಾಗಿ ಹೇಳಲಿಲ್ಲ.) ಆಮೇಲೆ 2023-24ರ ಬಜೆಟ್‌ನಲ್ಲಿ ಗುಹೆ ತುಂಬಲು 5,000 ಕೋಟಿ ಇಟ್ಟು, ವರ್ಷ ಮುಗಿಯುವ ಮುನ್ನವೇ ಮುಂದೂಡಿದರು. ಪಾದೂರಿನ 25 ಲಕ್ಷ ಟನ್ ಎಂದರೆ ವರ್ಷಕ್ಕೆ 1.5 ಕೋಟಿ ಟನ್ ಸಂಸ್ಕರಿಸುವ ಮಂಗಳೂರಿನ ರಿಫೈನರಿ ಎಂಆರ್‌ಪಿಎಲ್‌ಗೆ ಎರಡು ತಿಂಗಳ ಎಣ್ಣೆ.

ಕೊರೆಯುವ ಊರುಗಳ ಬಗ್ಗೆಯೂ ಒಂದು ಮಾತು. ಅಸ್ಸಾಂನ ಬಾಘ್‌ಜಾನ್‌ನಲ್ಲಿ 2020ರ ಮೇ 27ರಂದು ಬಾವಿ ಸಿಡಿದದ್ದು ಹೊಸ ಕೊರೆತದಲ್ಲಲ್ಲ, ದುರಸ್ತಿ ಕೆಲಸದಲ್ಲಿ. ಸಿಮೆಂಟ್ ಪ್ಲಗ್ ಹಾಕಿದ ಮೇಲೆ ಅದು ಗಟ್ಟಿಯಾಗುವವರೆಗೆ ಕಾದು, ಒತ್ತಡ ಕೊಟ್ಟು ಪರೀಕ್ಷಿಸಿ, ಆಮೇಲಷ್ಟೇ ಬ್ಲೋಔಟ್ ಪ್ರಿವೆಂಟರ್ (ಬಾವಿ ಸಿಡಿಯದಂತೆ ಬಾಯಿ ಮುಚ್ಚುವ ಕವಾಟ) ಬಿಚ್ಚಬೇಕು. ಅಲ್ಲಿ ಅವಸರದಲ್ಲಿ ಮೊದಲೇ ಬಿಚ್ಚಿದ್ದರು. ಜೂನ್ 9ರಂದು ಬೆಂಕಿ ಹತ್ತಿತು, ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು, ಆರಿಸಲು ನವೆಂಬರ್ ಬೇಕಾಯಿತು. ಅದೇ ವರ್ಷದ ಜನವರಿಯಲ್ಲಿ ಕೇಂದ್ರವು ಪರಿಶೋಧನಾ ಕೊರೆತವನ್ನು ಪರಿಸರ ಅನುಮತಿಯ ಸಡಿಲ ವರ್ಗವಾದ ಬಿ2ಗೆ ಸೇರಿಸಿ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಕೊಟ್ಟಿತ್ತು. ಇದನ್ನು ಹಿಂಪಡೆಯಬೇಕು.

ನಮ್ಮ ಕರಾವಳಿಯ ಸಂಸದರು ಲೋಕಸಭೆಯಲ್ಲಿ ಮೂರು ಪ್ರಶ್ನೆ ಕೇಳಿದರೆ ಸಾಕು. ಪೆರ್ಮುದೆ, ಪಾದೂರಿನ ಗುಹೆಗಳಲ್ಲಿ ಈ ತಿಂಗಳು ಎಷ್ಟು ಎಣ್ಣೆ ಇದೆ, ಅದರಲ್ಲಿ ವಿದೇಶಿ ಕಂಪನಿ ತಂದಿಟ್ಟ ಎಣ್ಣೆಯ ಪಾಲೆಷ್ಟು? ಸುತ್ತಲಿನ ವೀಕ್ಷಣಾ ಬಾವಿಗಳ ನೀರಿನ ಮಟ್ಟವನ್ನು ಗ್ರಾಮ ಪಂಚಾಯಿತಿಗೆ ಪ್ರತಿ ತಿಂಗಳು ಕೊಡುತ್ತಾರೆಯೇ? ಕಳೆದ ಐದು ವರ್ಷ ವಸೂಲಾದ ತೈಲ ಸೆಸ್‌ನಲ್ಲಿ ಹಳೆಯ ಬಾವಿಗಳಿಗೆ, ಗುಹೆ ತುಂಬಲು ಕೊಟ್ಟದ್ದು ಎಷ್ಟು ಕೋಟಿ? ಉತ್ತರ ಬಂದ ದಿನ ಅದನ್ನು ತಮ್ಮ ಪತ್ರಿಕೆ ಪೂರ್ತಿಯಾಗಿ ಅಚ್ಚು ಹಾಕಬೇಕೆಂದು ಕೋರಿಕೆ.

ಇತಿ,
ಭೂವಿಜ್ಞಾನದ ನಿವೃತ್ತ ಅಧ್ಯಾಪಕ, ಮಂಗಳೂರು