ಕಡಲಿಗೆ ಮುಖ ಮಾಡಿದ ಆ ದೀಪ ಆರಿಸಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಉತ್ತರ ಕನ್ನಡದ ಕಡಲ ದಂಡೆಯ ಒಬ್ಬ ಮೀನುಗಾರ. ಎರಡು ವರ್ಷದಲ್ಲಿ ಮೂರು ಮನವಿ ಕೊಟ್ಟೆ. ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು, ಅಲ್ಲಿಯವರು ಗುತ್ತಿಗೆದಾರರನ್ನು ಕೇಳು ಎಂದರು. ಮೂರು ದಿನದ ದುಡಿಮೆ ಹೋಯಿತು, ದೀಪ ಹಾಗೇ ಉರಿಯುತ್ತಿದೆ. ಅದಕ್ಕೇ ಈಗ ಎಲ್ಲರೆದುರು ಕೇಳುತ್ತಿದ್ದೇನೆ. ನಮ್ಮ ದಂಡೆಯ ಎತ್ತರದ ಕಂಬದ ಹೈಮಾಸ್ಟ್ ದೀಪವನ್ನು ಆಮೆ ಮೊಟ್ಟೆಯಿಡುವ ಕಾಲದಲ್ಲಿ ಆರಿಸಿ.

ಕಳೆದ ಫೆಬ್ರವರಿಯಲ್ಲಿ ಒಂದು ದಿನ ನಸುಕಿನಲ್ಲಿ ಬಲೆ ಹೊತ್ತು ಹೋಗುವಾಗ ರಸ್ತೆಯ ಮೇಲೆ ಏನೋ ಕಾಲಿಗೆ ತಾಗಿತು. ಟಾರ್ಚ್ ಹಾಕಿ ನೋಡಿದರೆ ಎರಡು ಬೆರಳಗಲದ ಆಮೆಮರಿ, ಗಾಡಿಯ ಚಕ್ರಕ್ಕೆ ಸಿಕ್ಕಿ ಟಾರಿಗೆ ಅಂಟಿಕೊಂಡಿತ್ತು. ಅಲ್ಲಿಂದ ದೀಪದ ಕಂಬದವರೆಗೂ ಅವೇ. ಬುಡದ ಕಾಂಕ್ರೀಟ್ ಕಟ್ಟೆಗೆ ಮೂತಿ ಒತ್ತಿಕೊಂಡೇ ಎಷ್ಟೋ ಸತ್ತಿದ್ದವು. ಜೀವ ಉಳಿದವು ಕೈಕಾಲು ಬಡಿಯುತ್ತ ಆ ಕಟ್ಟೆಯನ್ನೇ ಹತ್ತಲು ನೋಡುತ್ತಿದ್ದವು. ಕಡಲು ಅವುಗಳ ಬೆನ್ನ ಹಿಂದೆ ಎಂಬತ್ತು ಹೆಜ್ಜೆ ದೂರದಲ್ಲಿತ್ತು. ನನ್ನ ಹೆಂಡತಿ ಮೀನುಬುಟ್ಟಿಗೆ ಒದ್ದೆ ಹೊಯ್ಗೆ ಹಾಕಿ 19 ಮರಿಗಳನ್ನು ನೀರಂಚಿಗೆ ಒಯ್ದು ಬಿಟ್ಟಳು. ಸತ್ತದ್ದು 63. ಎಣಿಸಿದ್ದು ನಾನೇ. ಅವತ್ತು ಕಡಲಿಗೆ ಇಳಿಯಲು ಮನಸ್ಸಾಗಲಿಲ್ಲ.

ಇಲ್ಲಿಗೆ ಬರುವ ಆಲಿವ್ ರಿಡ್ಲಿ ಕಡಲಾಮೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯ ಒಂದನೇ ಷೆಡ್ಯೂಲಿನ ಪ್ರಾಣಿ, ಆಮೆ ಮೊಟ್ಟೆಯಿಡುವ ದಂಡೆ ಕರಾವಳಿ ನಿಯಂತ್ರಣ ನಿಯಮದಲ್ಲಿ ಅತಿ ಬಿಗಿ ಕಾವಲಿನ ಸಿಆರ್‌ಝಡ್ 1ಎ ವಲಯ. ಇದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ರಾತ್ರಿ ಹೊಯ್ಗೆಯಿಂದ ಮೇಲೆದ್ದ ಮರಿ ಬೆಳಕು ಕಂಡ ಕಡೆ ಓಡುತ್ತದೆ. ಕತ್ತಲ ದಂಡೆಯಲ್ಲಿ ಬೆಳಕೆಂದರೆ ಕಡಲಿನ ಮೇಲಿನ ಆಕಾಶ. ನೀವು ಕಂಬ ನಿಲ್ಲಿಸಿದ ಮೇಲೆ ಬೆಳಕೆಂದರೆ ರಸ್ತೆ. ತಾಯಿ ಆಮೆಯೂ ಬೆಳಕು ಕಂಡರೆ ಮೊಟ್ಟೆಯಿಡದೆ ತಿರುಗಿ ಹೋಗುತ್ತದೆ. ಅಡುಂಬು ಬಳ್ಳಿ ಕಿತ್ತು, ಹೊಯ್ಗೆ ದಿಬ್ಬ ಸಮ ಮಾಡಿ ಕಲ್ಲಿನ ಬೆಂಚು ಹಾಕಿದ್ದೂ ಆಯಿತು. ಅದರ ಸಂಕಟ ಇನ್ನೊಮ್ಮೆ ಬರೆಯುತ್ತೇನೆ. ಈಗ ದೀಪ ಆರಿಸಿ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಇಳಿಸಬೇಡಿ ಎಂದು ಸರ್ಕಾರ ಹೇಳುತ್ತದೆ. ಮೀನು ಮರಿ ಮಾಡುವ ಕಾಲ ಎಂದು ನಾವು ಒಪ್ಪಿಕೊಂಡಿದ್ದೇವೆ. ಆ ಎರಡು ತಿಂಗಳು ಸೊಸೈಟಿ ಸಾಲದಲ್ಲಿ ಒಲೆ ಹಚ್ಚಿದ್ದೇವೆ. ಒಂದು ಗೂಡಿನ ನೂರು ಚಿಲ್ಲರೆ ಮೊಟ್ಟೆ ಒಡೆದು ಮರಿ ಹೊರಬರಲು ಬೇಕಾದದ್ದೂ 45ರಿಂದ 60 ದಿನ. ನಮ್ಮ ಹೊಟ್ಟೆಯ ಮೇಲೆ 61 ದಿನದ ನಿಯಮ ತರಲು ಆಗುತ್ತದೆ, ಒಂದು ದೀಪದ ಮೇಲೆ ತರಲು ಆಗುವುದಿಲ್ಲವೇ? ಬಲೆಗೆ ಆಮೆ ಬಿದ್ದರೆ ನಮ್ಮಪ್ಪ ಹೊಸ ಬಲೆಯಾದರೂ ಕೊಯ್ದು ಬಿಡುತ್ತಿದ್ದ. ಹರಿದ ಬಲೆ ಹೊಲಿಯುತ್ತ ಅಮ್ಮ ಒಂದು ಮಾತು ಆಡಿದ್ದಿಲ್ಲ. ಆ ಮನೆಯವನು ನಾನು, ನನಗೆ ಇದನ್ನು ನೋಡುತ್ತ ಕೂರಲು ಆಗುವುದಿಲ್ಲ ಸ್ವಾಮಿ.

ಕಂಬ ಕೀಳಿ ಎನ್ನುತ್ತಿಲ್ಲ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಕಡಲ ಕಡೆಯ ದೀಪ ಆರಿಸಿ, ರಸ್ತೆ ಕಡೆಯದಕ್ಕೆ ಮರೆ ಕಟ್ಟಿಸಿ. ಮೊದಲ ಆಮೆ ಡಿಸೆಂಬರಿನಲ್ಲೇ ದಂಡೆ ಹತ್ತಬಹುದು. ಅಷ್ಟರೊಳಗೆ ನಿಮ್ಮಿಂದ ಆಗದಿದ್ದರೆ, ಆ ಸ್ವಿಚ್ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದಾದರೂ ತಿಳಿಸಿ. ದಿನಾ ಸಂಜೆ ನಾವೇ ಹೋಗಿ ಆರಿಸಿ ಬರುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮೀನುಗಾರ